ಮಹಡಿಯ ಮೇಲಿನ ಜಂಬುಕೋಳಿ

ನಮ್ಮ ಮನೆಯೊಳಗೆ ಎಂದಾದರೂ ಕೋಳಿ ಬಂದಿದೆಯೇ, ಮೊಟ್ಟೆ ಬಂದಿದೆಯೇ ಎಂದು ಕೌಸರ್ ಕೇಳಿದಾಗ ನನಗೆ ನಗು ಬಂತು. ನಮ್ಮದು ಲಿಂಗಾಯತರ ಮನೆ. ಎಂಬತ್ತು ದಾಟಿದ ಅವ್ವ ಲಿಂಗಪೂಜೆ ಮುಗಿಯುವ ತನಕ ಬಾಯಿಗೆ ನೀರು ಹಾಕುವವಳಲ್ಲ. ಯಾರೋ ಕೊಟ್ಟ ಕ್ಯಾಲೆಂಡರಿನಲ್ಲಿ ಮೊಟ್ಟೆಯ ಚಿತ್ರವಿತ್ತೆಂದು ಅದನ್ನು ಗೋಡೆಗೆ ಹಾಕಲೂ ಬಿಟ್ಟಿರಲಿಲ್ಲ.

"ಯಾಕೆ ಕೌಸರ್, ಇಲ್ಲಿ ಕೋಳಿ ಸಾರು ಸಿಗ್ತದೇನೋ ಅಂತ ಬಂದ್ಯಾ?" ಅಂದೆ.

ಅವಳು ನಗಲಿಲ್ಲ. "ಕೋಳಿ ಇಲ್ಲದ ಜಾಗ ಹುಡುಕ್ತಾ ಇದೀನಿ ಟೀಚರ್. ಬೆಂಗಳೂರಲ್ಲಿ ಸಿಗಲಿಲ್ಲ," ಅಂದಳು.

ಅದು ತೊಂಬತ್ತೇಳರ ದೀಪಾವಳಿ ಕಳೆದ ಹೊಸತು. ನಾನು ಶಿಕಾರಿಪುರದ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾಗಿ, ಸೊರಬದಲ್ಲಿ ಅವ್ವನ ಜೊತೆ ಇದ್ದೆ. ಕೌಸರ್ ನನ್ನ ವಿದ್ಯಾರ್ಥಿನಿ. ಅವಳಪ್ಪ ಮುಕ್ತಾರ್ ಅಹಮದ್ ಅವರದು ಶಿಕಾರಿಪುರದ ಸಂತೆ ಮೈದಾನದ ಹತ್ತಿರ ಕೋಳಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ನಾನು ಹಕ್ಕಿಗಳ ರೆಕ್ಕೆಯ ಪಾಠ ಮಾಡಿದ ಮರುದಿನ ಈ ಹುಡುಗಿ ಕೋಳಿ ರೆಕ್ಕೆಯ ಮೂಳೆಗಳನ್ನು ಸುಣ್ಣದ ನೀರಿನಲ್ಲಿ ಬಿಳುಪು ಮಾಡಿ, ರಟ್ಟಿನ ಮೇಲೆ ದಾರದಿಂದ ಹೊಲಿದು ತಂದಿದ್ದಳು. "ನೋಡಿ ಟೀಚರ್, ನಮ್ಮ ಕೈಯಲ್ಲಿರೋ ಮೂಳೆಗಳೇ," ಎಂದು ತನ್ನ ಮೊಣಕೈ ಮಡಚಿ ತೋರಿಸಿದ್ದಳು. ಆ ರಟ್ಟು ನಾನು ಬಿಟ್ಟುಬರುವವರೆಗೂ ಪ್ರಯೋಗಶಾಲೆಯ ಗೋಡೆಯ ಮೇಲಿತ್ತು. ಮುಂದೆ ಅವಳು ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಸೇರಿ, ಚಂದ್ರಶೇಖರ್ ಎಂಬ ಹಿರಿಯ ವಿಜ್ಞಾನಿಯ ಕೈಕೆಳಗೆ ಪಿಎಚ್‌ಡಿಗೆ ಕೆಲಸ ಮಾಡುತ್ತಿದ್ದಳು.

ಅವಳ ಕೆಲಸವೇನೆಂದು ಆ ದಿನ ಜಗಲಿಯ ಮೇಲೆ ಕೂತು ಹೇಳಿದಳು. ಹಿಂದೂ ಮಹಾಸಾಗರದ ಒಂದು ಪುಟ್ಟ ದ್ವೀಪದಲ್ಲಿ ಹಿಂದೊಂದು ಹಕ್ಕಿ ಇತ್ತಂತೆ. ಹುಂಜಕ್ಕಿಂತ ದೊಡ್ಡದು, ಗಟ್ಟಿ ಕಾಲಿನದು, ಹಾರಲು ಬಾರದ್ದು. ಹಡಗಿನ ಜನ ಬಂದರು, ಅವರ ಜೊತೆ ಇಲಿಗಳೂ ಬೆಕ್ಕುಗಳೂ ಬಂದವು. ಓಡಿ ತಪ್ಪಿಸಿಕೊಳ್ಳುವುದನ್ನೇ ಮರೆತಿದ್ದ ಆ ಹಕ್ಕಿಯ ಕುಲ ಮುಗಿದುಹೋಯಿತು. ಉಳಿದಿದ್ದು ಒಂದು ಗವಿಯಲ್ಲಿ ಸಿಕ್ಕ ಕೆಲವು ಮೂಳೆಗಳು. ಆ ಮೂಳೆಯ ಆಕಾರ ನೋಡಿದವರು ಇದು ನಮ್ಮ ಕೆರೆಗಳಲ್ಲಿರುವ ಜಂಬುಕೋಳಿಯ ಬಳಗ ಅಂದರು. ನೇರಳೆ ಬಣ್ಣದ ಮೈ, ಕೆಂಪು ಕೊಕ್ಕು, ಉದ್ದನೆ ಕೆಂಪು ಕಾಲು, ಜಂಬುಹುಲ್ಲಿನ ಮಧ್ಯೆ ಓಡಾಡುತ್ತದಲ್ಲ, ಅದು. ಹೆಸರಿನಲ್ಲಿ ಕೋಳಿ ಎಂದಿದ್ದರೂ ಅದಕ್ಕೂ ಮನೆಕೋಳಿಗೂ ಹತ್ತಿರದ ನಂಟಿಲ್ಲ. ಆದರೆ ಆಕಾರ ನಂಬುವ ಹಾಗಿಲ್ಲ. ದ್ವೀಪದಲ್ಲಿ ಬಹಳ ಕಾಲ ಬದುಕಿದ ಹಕ್ಕಿಗಳ ಆಕಾರ ಏನೇನೋ ಆಗಿಬಿಡುತ್ತದೆ. ಮೂಳೆಯೊಳಗೆ ಇನ್ನೂ ಚೂರುಪಾರು ಉಳಿದಿರಬಹುದಾದ ಡಿಎನ್‌ಎಯನ್ನು ಓದಿದರೆ ಅದರ ವಂಶ ಯಾವುದು, ಯಾವ ಕಡೆಯಿಂದ ಬಂತು ಎಂದು ಗೊತ್ತಾಗುತ್ತದೆ.

"ಓದಿದೆ ಟೀಚರ್. ಮೊದಲನೇ ಸಲವೇ ಓದಿದೆ," ಅಂದಳು ಕೌಸರ್. "ಕಾಡುಕೋಳಿ ಬಳಗ ಅಂತ ಬಂತು."

ಚಂದ್ರಶೇಖರ್ ಅವರಿಗೆ ಖುಷಿಯೋ ಖುಷಿ. ಜಂಬುಕೋಳಿ ಎಂದು ಎಲ್ಲರೂ ನಂಬಿದ್ದ ಹಕ್ಕಿ, ಮನೆಕೋಳಿಗೆ ಮೂಲವಾದ ಕಾಡುಕೋಳಿಯ ವಂಶದ್ದು ಎಂದರೆ ಸಣ್ಣ ಸುದ್ದಿಯಲ್ಲ. ಪ್ರಬಂಧ ಬರೆದಾಯಿತು, ವಿದೇಶದ ಸಮ್ಮೇಳನಕ್ಕೆ ಅವರ ಹೆಸರೂ ಹೋಯಿತು. ಆದರೆ ಕೌಸರ್‌ಗೆ ಸಮಾಧಾನವಿಲ್ಲ. ಹಳೆಯ ಮೂಳೆಯಲ್ಲಿ ಡಿಎನ್‌ಎ ಚೂರುಚೂರಾಗಿರಬೇಕು, ಹರಿದುಹೋದ ಕಾಗದದ ಹಾಗೆ. ಇಲ್ಲಿ ಉದ್ದುದ್ದ ಹಾಳೆಗಳೇ ಬಂದಿವೆ. ಇಷ್ಟು ಸುಲಭವಾಗಿ ಯಾಕೆ ಬಂತು?

ಅವಳು ಒಂದು ಕೆಲಸ ಮಾಡಿದಳು. ಮೂಳೆಯ ಪುಡಿ ಹಾಕದೆ, ಉಳಿದ ಎಲ್ಲಾ ರಾಸಾಯನಿಕಗಳನ್ನು ಮಾತ್ರ ಹಾಕಿದ ಖಾಲಿ ಕೊಳವೆಯೊಂದನ್ನು ಡಿಎನ್‌ಎಯನ್ನು ನಕಲು ಮಾಡುವ ಅದೇ ಯಂತ್ರದಲ್ಲಿ ಇಟ್ಟಳು. ಆ ಕೊಳವೆಯಲ್ಲೂ ಅದೇ ಕಾಡುಕೋಳಿ ಬಂತು. ಮತ್ತೆ ಮಾಡಿದಳು. ಮತ್ತೆ ಬಂತು. ಅಂದರೆ ಅವಳು ಓದಿದ್ದು ದ್ವೀಪದ ಹಕ್ಕಿಯನ್ನಲ್ಲ, ಎಲ್ಲಿಂದಲೋ ಒಳಸೇರಿದ್ದ ಇವತ್ತಿನ ಮನೆಕೋಳಿಯನ್ನು.

"ಇದನ್ನು ಯಾರಿಗೆ ಹೇಳಿದೆ?" ಎಂದು ಕೇಳಿದೆ.

"ಎಲ್ಲರಿಗೂ. ಸಂಸ್ಥೆಯ ಸೆಮಿನಾರಲ್ಲಿ ನಾನೇ ಮಾತಾಡಬೇಕಿತ್ತು. ಮೊದಲನೇ ಮಾತೇ ಇದು ತಪ್ಪು ಅಂತ ಹೇಳಿದೆ."

ಅವತ್ತು ಸಭೆಯಲ್ಲಿ ಏನಾಗಿರಬಹುದು ಎಂದು ನಾನು ಊಹಿಸಬಲ್ಲೆ. ಒಬ್ಬ ಕೇಳಿದನಂತೆ, "ನಿಮ್ಮ ತಂದೆಯವರ ಅಂಗಡಿಯ ಕೋಳಿ ಇರಬಹುದೇ?" ಎಂದು. ಎಲ್ಲರೂ ನಕ್ಕರಂತೆ. ಕೌಸರ್ ನಿಂತಲ್ಲೇ ನಿಂತು, "ಇರಬಹುದು. ನಾನು ಹಬ್ಬಕ್ಕೆ ಊರಿಗೆ ಹೋಗಿ ಬಂದಿದ್ದೆ. ಮೇಲಿನ ಅಂತಸ್ತಲ್ಲಿ ಕೋಳಿ ಲಸಿಕೆ ಕೆಲಸ ನಡೀತದೆ, ಅಲ್ಲಿಂದಲೂ ಇರಬಹುದು. ನಮ್ಮ ಕ್ಯಾಂಟೀನಿನ ಆಮ್ಲೆಟ್ಟಿಂದಲೂ ಇರಬಹುದು. ಎಲ್ಲಿಂದ ಅಂತ ಹೇಳೋಕೆ ನನ್ನ ಹತ್ತಿರ ಆಧಾರ ಇಲ್ಲ," ಎಂದಿದ್ದಳು. ಪ್ರಬಂಧವನ್ನು ವಾಪಸ್ ಪಡೆಯಬೇಕಾಯಿತು. ಚಂದ್ರಶೇಖರ್ ಕೆಲವು ವಾರ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾವೇ ಕರೆದು, "ನೀನು ಹೇಳದಿದ್ದರೆ ಇನ್ನೊಬ್ಬರು ಹೇಳ್ತಿದ್ದರು, ಆಗ ನನ್ನ ಮಾನ ಉಳೀತಿರಲಿಲ್ಲ. ಏನು ಬೇಕು ಕೇಳು," ಅಂದರಂತೆ.

ಅವಳಿಗೆ ಬೇಕಾಗಿದ್ದುದು ಕೋಳಿಯಿಲ್ಲದ ಒಂದು ಕೋಣೆ. ಉಳಿದಿದ್ದುದು ಒಂದೇ ಮೂಳೆ ತುಂಡು, ನನ್ನ ಕಿರುಬೆರಳಿನಷ್ಟು. ಮತ್ತೆ ಕಳಿಸಲು ಮೊದಲ ಮೂಳೆಗಳನ್ನು ಕೊಟ್ಟಿದ್ದ ವಸ್ತುಸಂಗ್ರಹಾಲಯದವರು ಒಪ್ಪಿರಲಿಲ್ಲ.

"ಹಕ್ಕಿ ಮೇಲೆ ಯಾರೂ ಯಾವತ್ತೂ ಪ್ರಯೋಗ ಮಾಡದ ಜಾಗ ಬೇಕು ಟೀಚರ್. ಕೋಳಿ, ಮೊಟ್ಟೆ ಯಾವುದೂ ಒಳಗೆ ಬಂದಿರಬಾರದು. ಯೋಚನೆ ಮಾಡಿದೆ, ಮಾಡಿದೆ, ನಿಮ್ಮ ಮನೆ ನೆನಪಾಯ್ತು."

ನನ್ನ ಕಡೆಯಿಂದ ಅಡ್ಡಿಯಿರಲಿಲ್ಲ. ಮಹಡಿಯ ಮೇಲೊಂದು ಕೋಣೆ ಇತ್ತು, ಹೊರಗಿನಿಂದಲೇ ಮೆಟ್ಟಿಲು. ಹಿಂದೆ ಬಿತ್ತನೆ ಭತ್ತ ಇಡುತ್ತಿದ್ದರು, ಈಗ ಖಾಲಿ ಬಿದ್ದಿತ್ತು. ಆದರೆ ಅವ್ವನನ್ನು ಕೇಳಬೇಕಿತ್ತು. ಅವ್ವ ಮಹಾದೇವಮ್ಮ ಒಳಗಿಂದ ಎಲ್ಲವನ್ನೂ ಕೇಳಿಸಿಕೊಂಡೇ ಇದ್ದಳು. ಹೊರಗೆ ಬಂದು ಕಂಬಕ್ಕೆ ಒರಗಿ ಕೂತಳು.

"ಹುಡುಗಿ ಇರ್ಲಿ, ಅದಕ್ಕೇನು. ಆದ್ರೆ ಎಲುಬು ಅಂದ್ಯಲ್ಲವ್ವ? ಸತ್ತ ಹಕ್ಕಿ ಎಲುಬನ್ನ ಮನೆ ಒಳಗೆ ತರಾದಾ?"

ಕೌಸರ್ ತಲೆ ತಗ್ಗಿಸಿದಳು. "ನಿಮಗೆ ಬೇಡ ಅನ್ನಿಸಿದ್ರೆ ಬೇಡ ಅಜ್ಜಿ. ನಾನು ಒತ್ತಾಯ ಮಾಡಲ್ಲ."

"ಎಷ್ಟು ವರ್ಷದ್ದು ಅದು?"

"ಎಂಟುನೂರು ವರ್ಷ ಆಗಿರಬಹುದು ಅಂತಾರೆ."

ಅವ್ವ ಬೆರಳೆಣಿಸಿದಳು. "ಅಂದ್ರೆ ಶರಣರ ಕಾಲದ್ದು. ಅಷ್ಟು ಹಳೇದಾದ್ಮೇಲೆ ಅದು ಎಲುಬಲ್ಲ ಬಿಡು, ಮಣ್ಣು. ತಗಂಡು ಬಾ," ಅಂದಳು.

ಕೌಸರ್ ಡಿಸೆಂಬರಿನಲ್ಲಿ ಬಂದಳು. ಬೆಂಗಳೂರಿನಿಂದ ನೇರವಾಗಿ ಸೊರಬಕ್ಕೆ. ದಾರಿಯಲ್ಲಿ ಸಿಗುವ ಶಿಕಾರಿಪುರದಲ್ಲಿ ಇಳಿಯಲೂ ಇಲ್ಲ. ಹಳೆಯ ಬಟ್ಟೆಗಳನ್ನು ಬೆಂಗಳೂರಿನಲ್ಲೇ ಬಿಟ್ಟು, ಸೊರಬದ ಪೇಟೆಯಲ್ಲಿ ಹೊಸ ಸಲ್ವಾರ್ ಕಮೀಜ್ ಹೊಲಿಸಿಕೊಂಡಳು. ಕೋಣೆಗೆ ಸುಣ್ಣ ಬಳಿಸಿದ್ದಾಯಿತು. ನೆಲ, ಗೋಡೆ, ಮೇಜು ಎಲ್ಲವನ್ನೂ ಬ್ಲೀಚಿಂಗ್ ನೀರಿನಲ್ಲಿ ತಿಕ್ಕಿದಳು. ಸೂರಿನಿಂದ ನೆಲದ ತನಕ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಳು. ನೇರಳಾತೀತ ಬೆಳಕಿನ ಟ್ಯೂಬ್‌ಲೈಟ್ ಒಂದನ್ನು ತಂದಿದ್ದಳು. ಯಾರೂ ಇಲ್ಲದಾಗ ಅದನ್ನು ಹಾಕಿಟ್ಟರೆ ಅಂಟಿಕೊಂಡ ಬೇರೆ ಡಿಎನ್‌ಎ ಸುಟ್ಟುಹೋಗುತ್ತದಂತೆ. ಕೆಳಗೆ ಪಡಸಾಲೆಯಲ್ಲಿ ಫೋಟೋದ ಹಿಂದೆ ಗುಬ್ಬಿ ಗೂಡು ಕಟ್ಟಿತ್ತು. ಅದನ್ನು ಕಂಡು ಅವಳ ಮುಖ ಸಣ್ಣಗಾಯಿತು.

"ಮರಿ ಇದಾವೆ, ಅದನ್ನ ಮಾತ್ರ ಕೀಳಾಕೆ ಬಿಡಲ್ಲ ನಾನು," ಅಂದಳು ಅವ್ವ.

"ಬೇಡ ಅಜ್ಜಿ, ಇರ್ಲಿ. ಮೇಲಿನ ಕಿಟಕಿಗೆ ಸಣ್ಣ ಜಾಲರಿ ಹಾಕ್ತೀನಿ. ಅಕಸ್ಮಾತ್ ಗುಬ್ಬಿ ಸೇರಿದ್ರೂ ಗುಬ್ಬಿ ಅಂತ ಗೊತ್ತಾಗ್ತದೆ. ನನಗೆ ಮೋಸ ಮಾಡೋದು ಕೋಳಿನೇ."

ಅಲ್ಲಿಂದ ಅವ್ವನಿಗೆ ಹೊಸ ಉದ್ಯೋಗ ಸಿಕ್ಕಿತು. ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟಳು. ವೈರಿಂಗ್ ಮಾಡಲು ಬಂದ ಹುಚ್ಚರಾಯಪ್ಪನನ್ನು ತಡೆದು, "ಬೆಳಿಗ್ಗೆ ಏನು ತಿಂದ್ಯೋ?" ಎಂದು ಕೇಳಿದಳು. ಅವನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮೊಟ್ಟೆ ದೋಸೆ ತಿಂದಿದ್ದನ್ನು ಬಾಯಿಬಿಟ್ಟ. "ಹೋಗು, ಸ್ನಾನ ಮಾಡಿ ಬಟ್ಟೆ ಬದಲಾಯಿಸ್ಕಂಡು ಬಾ," ಎಂದು ವಾಪಸ್ ಕಳಿಸಿದಳು. ಪಾಪ, ಅವನು ಮರುದಿನ ಹಣೆಗೆ ವಿಭೂತಿ ಬಳಿದುಕೊಂಡೇ ಬಂದ. ಅವ್ವ ಇದನ್ನೆಲ್ಲ ಮಡಿ ಎಂದು ಮಾಡಿದ್ದಲ್ಲ. ಕೌಸರ್ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದ್ದಳು. ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಸಾಕು, ಯಂತ್ರ ಅದನ್ನೇ ಕೋಟಿ ಸಲ ನಕಲು ಮಾಡಿಬಿಡುತ್ತದೆ, ಹಳೆಯ ಹಕ್ಕಿಯ ದನಿ ಅದರಲ್ಲಿ ಮುಚ್ಚಿಹೋಗುತ್ತದೆ ಎಂದು. ಅವ್ವನಿಗೆ ಅಷ್ಟು ಸಾಕಾಗಿತ್ತು.

ನಾನು ಕಾದಿದ್ದೆ, ಈಗ ಮೂಳೆ ಹೊರಬರುತ್ತದೆ ಎಂದು. ಬರಲಿಲ್ಲ. ಕೌಸರ್ ಮೊದಲು ಖಾಲಿ ಕೊಳವೆಗಳನ್ನೇ ತಯಾರು ಮಾಡಿದಳು. ಮೂಳೆಯ ಪುಡಿಯೊಂದನ್ನು ಬಿಟ್ಟು ಎಲ್ಲವನ್ನೂ ಹಾಕಿ, ಬಿಸಿ ಮಾಡಿ, ತಿರುಗಿಸಿ, ಬಾಯಿ ಮುಚ್ಚಿ, ಐಸ್ ತುಂಬಿದ ಥರ್ಮಾಸಿನಲ್ಲಿಟ್ಟು ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ದಳು. ಅಲ್ಲಿ ಭತ್ತದ ತಳಿಗಳ ಮೇಲೆ ಕೆಲಸ ಮಾಡುವ ಗೆಳತಿಯ ಲ್ಯಾಬಿನಲ್ಲಿ ಪರೀಕ್ಷೆಯಾಯಿತು. ಒಂದು ಕೊಳವೆಯ ಪಾಲಿಗೆ, ಡಿಎನ್‌ಎ ಇದೆ ಎನ್ನುವ ಸಣ್ಣ ಗೆರೆ ಕಾಣಿಸಿಕೊಂಡಿತು. ಮತ್ತೆ ಕೋಳಿ.

ಬಂದವಳೇ ಕೈಗವಸು ಹಾಕಿಕೊಂಡು ಮತ್ತೆ ಕೋಣೆ ತೊಳೆಯಲು ನಿಂತಳು. ತಂದಿದ್ದ ರಾಸಾಯನಿಕಗಳನ್ನೆಲ್ಲ ಚೆಲ್ಲಿದಳು. ಒಂದು ಬಾಟಲಿಯೂ ಹಳೆಯದಾಗಿರಬಾರದೆಂದು ಹೊಸ ಬಾಟಲಿಗಳನ್ನು ತರಿಸಿದಳು. ನಾನಾಗಿದ್ದರೆ ಅತ್ತುಬಿಡುತ್ತಿದ್ದೆ. ಅವಳು ಅಳಲಿಲ್ಲ, ಸಿಡುಕಲೂ ಇಲ್ಲ. ರಂಜಾನ್ ತಿಂಗಳು ಬೇರೆ ಬಂದಿತ್ತು. ಉಪವಾಸದಲ್ಲೇ ಬ್ಲೀಚಿಂಗ್ ವಾಸನೆಯ ನಡುವೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ದಿನವಿಡೀ ತಿಕ್ಕುತ್ತಿದ್ದಳು. ಸಂಜೆ ಉಪವಾಸ ಬಿಡುವ ಹೊತ್ತಿಗೆ ಅವ್ವ ಬೆಲ್ಲದ ಪಾನಕ ಮಾಡಿಡುತ್ತಿದ್ದಳು. ಪಾಠ ಹೇಳಿಕೊಟ್ಟವಳು ನಾನು, ನಿಜ. ಆದರೆ ಈ ತಾಳ್ಮೆ ಅವಳಿಗೆ ನನ್ನಿಂದ ಬಂದದ್ದಲ್ಲ.

ಆ ದಿನಗಳಲ್ಲೇ ಮುಕ್ತಾರ್ ಅಹಮದ್ ಒಂದು ಮಧ್ಯಾಹ್ನ ಬಂದರು. ಮಗಳು ಕಾಗದದಲ್ಲಿ ಕಾರಣ ತಿಳಿಸಿದ್ದಳು, ಹಾಗಾಗಿ ಗೇಟಿನೊಳಗೆ ಕಾಲಿಡಲಿಲ್ಲ. ರಸ್ತೆಯ ಆಚೆ ಬದಿಯ ಮೋರಿ ಕಟ್ಟೆಯ ಮೇಲೆ ಕೂತು, ಮಹಡಿಯ ಕಟಾಂಜನದ ಹತ್ತಿರ ನಿಂತ ಮಗಳ ಜೊತೆ ಜೋರಾಗಿ ಮಾತಾಡಿದರು. ನನ್ನನ್ನು ಕಂಡು ಎದ್ದು ನಿಂತರು.

"ಒಳಗೆ ಬನ್ನಿ ಅಂತ ಕರೆಯೋ ಹಾಗಿಲ್ಲ ನೋಡ್ರೀ, ನನಗೇ ಬೇಜಾರಾಗ್ತದೆ," ಅಂದೆ.

"ಅಯ್ಯೋ, ಅದ್ರಲ್ಲೇನೈತ್ರೀ ಟೀಚರ್. ನನ್ನ ಮೈಮ್ಯಾಲೆ ಎಷ್ಟು ಕೋಳಿ ಐತೋ ನನಗೇ ಗೊತ್ತಿಲ್ಲ," ಎಂದು ನಕ್ಕರು. ಆಮೇಲೆ ದನಿ ಇಳಿಸಿದರು. "ಅವರಮ್ಮಂದೇ ಕಷ್ಟ ಐತ್ರೀ. ಹಬ್ಬಕ್ಕೂ ಬರಲ್ಲ ಅಂದಿದ್ದಕ್ಕೆ ಊಟ ಬಿಟ್ಟು ಕುಂತಾಳೆ. ಓಣಿ ಜನ ಬೇರೆ, ಓದಿದ ಹುಡುಗಿಗೆ ಕೋಳಿ ಅಂಗಡಿ ನಾಚಿಕೆ ಆಗೈತಿ ಅಂತ ಏನೇನೋ ಹೇಳ್ಯಾರೆ."

ಮೇಲೆ ಕೌಸರ್‌ಗೆ ಇದು ಕೇಳಿಸಿತೋ ಇಲ್ಲವೋ. ಅವಳು ಒಳಗೆ ಹೋದಳು.

ಈದ್ ದಿನ ಕೌಸರ್ ತಾಯಿ ಇಮಾಂಬೀ ತಾವೇ ಬಂದರು. ಹೊಸ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲೊಂದು ಚೀಲ. ಅವರು ಮೋರಿ ಕಟ್ಟೆಯ ಹತ್ತಿರ ನಿಲ್ಲಲಿಲ್ಲ, ಗೇಟಿನ ತನಕ ಬಂದರು. ಕೌಸರ್ ಮೆಟ್ಟಿಲ ಮೇಲಿದ್ದಳು. ಅಲ್ಲಿಂದಲೇ ಕೈ ಅಡ್ಡ ಮಾಡಿ, "ಅಮ್ಮಿ, ಅಲ್ಲೇ ಇರು," ಎಂದಳು.

ಇಮಾಂಬೀ ಮುಖ ಕೆಂಪಾಯಿತು. ಮಗಳಿಗೆ ಹೇಳಬೇಕಾದ್ದನ್ನು ನನಗೆ ಹೇಳಿದರು. "ನೋಡ್ರೀ ಟೀಚರ್, ಇವಳನ್ನ ಸಾಕಿದ್ದು ಅದೇ ಅಂಗಡಿ. ಇವಳ ಫೀಸು, ಪುಸ್ತಕ, ಬಟ್ಟೆ ಎಲ್ಲ ಅದೇ ಕೋಳಿಯಿಂದ ಬಂದಿದ್ದು. ಈಗ ಅದೇ ಕೋಳಿ ಹೊಲಸಾಯ್ತೇನ್ರೀ? ಹಬ್ಬದ ದಿನ ತಾಯೀನ ಗೇಟಲ್ಲಿ ನಿಲ್ಲಿಸ್ತಾಳೆ!"

ಸೆಮಿನಾರಿನಲ್ಲಿ ಅಷ್ಟು ಜನರೆದುರು ಧೈರ್ಯವಾಗಿ ನಿಂತ ಹುಡುಗಿ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ಅವಳು ಅತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅವ್ವ ಕುರ್ಚಿಯಿಂದ ಎದ್ದಳು. ಕೋಲೂರಿಕೊಂಡು ಗೇಟು ದಾಟಿ ಹೋಗಿ ಇಮಾಂಬೀ ಕೈ ಹಿಡಿದಳು.

"ಬಾರವ್ವ ಇಲ್ಲಿ," ಎಂದು ರಸ್ತೆ ದಾಟಿಸಿ ಮೋರಿ ಕಟ್ಟೆಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲೇ ಕೂತಳು. "ಈ ಮನೆ ಯಾರ್ದು ಹೇಳು?"

"ನಿಮ್ದು," ಅಂದರು ಇಮಾಂಬೀ, ಕಣ್ಣೊರೆಸಿಕೊಳ್ಳುತ್ತ.

"ಆ ಮಹಡಿ ನಮ್ಮ ಯಜಮಾನ್ರು ಕಟ್ಟಿಸಿದ್ದು. ಮಂಗಳವಾರ ನಾನು ಮೇಲೆ ಹೋಗಿ ನೋಡನ ಅಂದೆ. ನಿನ್ನ ಮಗಳು ನನ್ನನ್ನೂ ಬಿಡಲಿಲ್ಲ. ಹುಟ್ಟಿದಾಗಿಂದ ಕೋಳಿ ಮುಟ್ಟದೋಳು ನಾನು. ಅಜ್ಜಿ, ನೀವು ಅಕ್ಕಿ ಹಾಕೋ ಗುಬ್ಬಿ ಪುಕ್ಕದ ಚೂರು ನಿಮ್ಮ ಸೆರಗಲ್ಲಿ ಇರ್ತವೆ ಅಂದ್ಲು. ಈಗ ನಂದೂ ಹೊಲಸಾ? ನನ್ನ ಮಗಳು ತುಂಗಾನ್ನೂ ಬಿಡಲ್ಲ, ಪಾಠ ಹೇಳಿಕೊಟ್ಟ ಗುರು! ನಿನ್ನ ಮಗಳು ನಿನ್ನೊಬ್ಬಳನ್ನೇ ಗೇಟಲ್ಲಿ ನಿಲ್ಸಿಲ್ಲ ಕಣವ್ವ, ಎಲ್ರನ್ನೂ ನಿಲ್ಸವಳೆ."

ಇಮಾಂಬೀಗೆ ನಗು ಬಂತು, ಅಳುವಿನ ಜೊತೆಗೇ. "ಸಣ್ಣೋಳಿದ್ದಾಗ್ಲೂ ಹಿಂಗೇ ಇದ್ಲು ನೋಡ್ರೀ. ತಾನು ಓದೋವಾಗ ಯಾರೂ ಕೋಣೆ ಒಳಗೆ ಬರಬಾರ್ದು," ಅಂದರು. ಚೀಲದಿಂದ ಅಂಗಡಿಯ ಖರ್ಜೂರದ ಪೊಟ್ಟಣ ತೆಗೆದರು. ಬಾಯಿ ಒಡೆಯದ ಪೊಟ್ಟಣ. ಈ ಮನೆಯ ರೀತಿ ಯೋಚಿಸಿಯೇ ತಂದಿದ್ದರು. ಅವ್ವ ಒಂದು ಬಿಡಿಸಿಕೊಂಡು ಬಾಯಿಗೆ ಹಾಕಿಕೊಂಡು, "ಬೀಜ ಎಲ್ಲಿ ಉಗಿಲಿ?" ಎಂದಳು. ಇಬ್ಬರೂ ಬಸ್ಸಿನ ಹೊತ್ತಾಗುವ ತನಕ ಅಲ್ಲೇ ಕೂತಿದ್ದರು. ಕೌಸರ್ ಗೇಟಿನ ಈಚೆ ನೆಲದ ಮೇಲೆ ಕೂತು ಮಾತಿನಲ್ಲಿ ಸೇರಿಕೊಂಡಳು. ನಡುವೆ ರಸ್ತೆಯ ಮೇಲೆ ಭತ್ತದ ಗಾಡಿಗಳು ಓಡಾಡುತ್ತಿದ್ದವು, ಅವು ಬಂದಾಗಲೆಲ್ಲ ಮಾತು ನಿಲ್ಲುತ್ತಿತ್ತು.

ಎರಡನೆಯ ಸಲದ ಖಾಲಿ ಕೊಳವೆಗಳು ಖಾಲಿಯಾಗಿಯೇ ಬಂದವು. ಮೂರನೆಯ ಸಲವೂ ಹಾಗೆಯೇ. ಆಮೇಲೆ ಮೂಳೆ ಹೊರಬಂತು.

ನಾನು ಅದನ್ನು ಕಂಡದ್ದು ಬಾಗಿಲಾಚೆಯಿಂದ, ಪ್ಲಾಸ್ಟಿಕ್ ಹಾಳೆಯ ಮೂಲಕ. ಕಂದು ಬಣ್ಣದ ತೊಡೆಯ ಮೂಳೆ, ಒಂದು ತುದಿ ಮುರಿದದ್ದು. ಕೌಸರ್ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆಯಲ್ಲಿದ್ದಳು, ಕಣ್ಣು ಮಾತ್ರ ಕಾಣುತ್ತಿತ್ತು. ಮೇಲಿನ ಪದರವನ್ನು ಕೆರೆದು ತೆಗೆದು, ತುಂಡನ್ನು ಎರಡು ಮಾಡಿ, ಒಂದನ್ನು ಡಬ್ಬಿಯಲ್ಲಿ ಭದ್ರ ಮಾಡಿದಳು. ಅದು ವಿದೇಶದ ಇನ್ನೊಂದು ಲ್ಯಾಬಿಗೆ. ಅವರೂ ಬೇರೆಯಾಗಿ ಓದಿ, ಎರಡೂ ಕಡೆ ಒಂದೇ ಉತ್ತರ ಬಂದರೆ ಮಾತ್ರ ನಿಜ ಎನ್ನಬೇಕೆಂದು ಅವಳೇ ಹಠ ಹಿಡಿದಿದ್ದಳು. ಇನ್ನೊಂದು ತುಂಡನ್ನು ನಿಧಾನವಾಗಿ ಪುಡಿ ಮಾಡಿದಳು. ಬಿಸಿಯಾದರೆ ಒಳಗಿನದು ಹಾಳಾಗುತ್ತದೆಂದು ಸ್ವಲ್ಪ ಪುಡಿ ಮಾಡುವುದು, ನಿಲ್ಲಿಸುವುದು, ಮತ್ತೆ ಶುರು ಮಾಡುವುದು. ಮಧ್ಯೆ ಕರೆಂಟು ಹೋಯಿತು. ಕೊಳವೆಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಆರತೊಡಗಿತು. ನಾನು ಕೆಳಗೆ ಹೋಗಿ ಥರ್ಮಾಸಿನಲ್ಲಿ ಬಿಸಿನೀರು ತಂದು ಬಾಗಿಲ ಹೊರಗಿಟ್ಟೆ. ಅವಳು ಥರ್ಮಾಮೀಟರ್ ಹಿಡಿದು ತಣ್ಣೀರು ಬೆರೆಸುತ್ತ, ಕರೆಂಟು ಬರುವ ತನಕ ಅದೇ ಹದ ಕಾಪಾಡಿದಳು. ಇಡೀ ಕೆಲಸದಲ್ಲಿ ನನ್ನ ಪಾಲಿನದು ಆ ಬಿಸಿನೀರು. ಅಷ್ಟಕ್ಕೇ ನನಗೆ ಹೆಮ್ಮೆ.

ಬೆಂಗಳೂರಿನಿಂದ ಎದುರಿನ ಎಸ್‌ಟಿಡಿ ಬೂತಿಗೆ ಫೋನು ಬಂದಾಗ ಸೊಸೈಟಿಯ ಅಕ್ಕಿ ತರಲು ಹೊರಟಿದ್ದೆ. ಕೊಳವೆಗಳನ್ನು ಒಯ್ದಿದ್ದ ಕೌಸರ್ ಒಂದೇ ಉಸಿರಿಗೆ ಶುರು ಮಾಡಿದಳು.

"ಟೀಚರ್, ಖಾಲಿ ಕೊಳವೆ ಖಾಲಿಯಾಗೇ ಇದೆ."

"ಮೂಳೆದು?"

"ಚೂರುಚೂರು. ಎಷ್ಟು ಸಣ್ಣ ಚೂರು ಅಂದ್ರೆ, ಹೇಗಿರಬೇಕೋ ಹಾಗೇ ಇದೆ. ಜೋಡಿಸ್ತಾ ಇದೀನಿ. ಕೋಳಿ ಅಲ್ಲ ಟೀಚರ್. ಜಂಬುಕೋಳಿ. ನಮ್ಮ ಜಂಬುಕೋಳಿ!"

ಆ 'ನಮ್ಮ' ಎಂಬ ಮಾತಿನ ಅರ್ಥ ಪೂರ್ತಿ ತಿಳಿದಿದ್ದು ಮಳೆಗಾಲ ಕಳೆದ ಮೇಲೆ, ವಿದೇಶದ ಲ್ಯಾಬಿನ ಉತ್ತರವೂ ಅಕ್ಷರಕ್ಕಕ್ಷರ ಹಾಗೆಯೇ ಬಂದಾಗ. ಆಫ್ರಿಕಾ, ಮಲಯ, ಆಸ್ಟ್ರೇಲಿಯಾದ ಜಂಬುಕೋಳಿಗಳ ಜೊತೆ ಹೋಲಿಸಿ ನೋಡಿದ್ದರು. ನಮ್ಮ ಕಡೆಯ ಕೆರೆಗಳ ಜಂಬುಕೋಳಿಯ ಮಾದರಿಯನ್ನೂ ಬೇರೆಯವರು ಬೇರೆ ಕಡೆ ಓದಿದ್ದರು. ಆ ಹೊತ್ತಿನಲ್ಲಿ ಕೌಸರ್ ಅದರ ಒಂದು ಪುಕ್ಕವನ್ನೂ ಮುಟ್ಟಿರಲಿಲ್ಲ, ಹಾಗಾಗಿ ಬೆರಕೆಯ ಅನುಮಾನವೂ ಇರಲಿಲ್ಲ. ದ್ವೀಪದ ಹಕ್ಕಿಗೆ ಎಲ್ಲಕ್ಕಿಂತ ಹತ್ತಿರದ ನೆಂಟ ಇಲ್ಲಿಯದೇ. ಲಕ್ಷಾಂತರ ವರ್ಷಗಳ ಹಿಂದೆ ಈ ಕಡೆಯಿಂದ ಹೊರಟ ಕೆಲವು ಹಕ್ಕಿಗಳು ಗಾಳಿಗೆ ಸಿಕ್ಕಿ ಸಮುದ್ರ ದಾಟಿ ಆ ದ್ವೀಪದಲ್ಲಿ ಇಳಿದಿದ್ದವು. ಅಲ್ಲಿ ನರಿಯಿಲ್ಲ, ಕಾಡುಬೆಕ್ಕಿಲ್ಲ. ಹಾರುವ ಅಗತ್ಯವೇ ಇಲ್ಲದಾಗಿ, ತಲೆಮಾರಿನಿಂದ ತಲೆಮಾರಿಗೆ ರೆಕ್ಕೆ ಸಣ್ಣದಾಗುತ್ತ, ಕಾಲು ದಪ್ಪವಾಗುತ್ತ ಬೇರೆಯೇ ಹಕ್ಕಿಯಾದವು. ವಿಕಾಸವೆಂಬ ಅಧ್ಯಾಯವನ್ನು ಪ್ರತಿವರ್ಷ ಪಾಠ ಮಾಡಿದವಳು ನಾನು. ಪರೀಕ್ಷೆಗೆ ಬರುವ ಪ್ರಶ್ನೆಯೆಂದು ಹೇಳಿ ಮುಗಿಸುತ್ತಿದ್ದೆ. ಅದು ನಮ್ಮ ಬಿತ್ತನೆ ಭತ್ತದ ಕೋಣೆಯಲ್ಲಿ ಕೊಳವೆಯೊಳಗೆ ಬಂದು ಕೂರುತ್ತದೆಂದು ಯಾವತ್ತೂ ಅಂದುಕೊಂಡಿರಲಿಲ್ಲ.

ಪ್ರಬಂಧ ಅಚ್ಚಾಯಿತು. ಅದರಲ್ಲಿ ಮೊದಲ ಸಲದ ತಪ್ಪನ್ನೂ ಬರೆಯಲೇಬೇಕೆಂದು ಕೌಸರ್ ಹೇಳಿದಳು. ಚಂದ್ರಶೇಖರ್ ತಡೆಯಲಿಲ್ಲ. ಕೆಲವು ಲ್ಯಾಬಿನವರು ಆ ಭಾಗವನ್ನೇ ಓದಿ, ನಮ್ಮಲ್ಲೂ ಖಾಲಿ ಕೊಳವೆಯಲ್ಲಿ ಹೀಗೇ ಬರುತ್ತಿದೆ ಎಂದು ಅವಳಿಗೆ ಬರೆದರಂತೆ. ಮೊದಲ ಹೆಸರು ಅವಳದೇ. ಕೊನೆಯ ಕೃತಜ್ಞತೆಯ ಸಾಲಿನಲ್ಲಿ 'ಮಹಾದೇವಮ್ಮ, ಸೊರಬ' ಎಂದಿತ್ತು. ಅವ್ವನಿಗೆ ಓದಿ ಹೇಳಿದೆ. "ನಾನೇನು ಮಾಡ್ದೆ, ಕುರ್ಚಿ ಮೇಲೆ ಕುಂತಿದ್ದೆ," ಅಂದಳು. ಆದರೆ ಆ ಪ್ರತಿಯನ್ನು ಬಂದವರಿಗೆಲ್ಲ ತೋರಿಸಿದಳು.

ಕೌಸರ್ ಮನೆಗೆ ಹೋದದ್ದನ್ನು ಮುಕ್ತಾರ್ ನನಗೆ ಹೇಳಿದರು. ಬಸ್ಸಿಳಿದು ಹಿಂದಿನ ಬಾಗಿಲಿಗೆ ಹೋಗದೆ ನೇರ ಅಂಗಡಿಗೇ ಬಂದು, ಗಿರಾಕಿಗಳ ಮುಂದೆ ಅಪ್ಪನನ್ನು ತಬ್ಬಿಕೊಂಡಳಂತೆ. ದುಪಟ್ಟಾ ತುಂಬ ಪುಕ್ಕ. ಅವಳ ಬಗ್ಗೆ ಓಣಿಯಲ್ಲಿ ಮಾತಾಡಿದ್ದವರೆಲ್ಲ ಅವತ್ತು ಅಂಗಡಿಯ ಮುಂದೆ ನಿಂತು ನೋಡಿದರು.

ಚಳಿ ಶುರುವಾದಾಗ ನಾವೆಲ್ಲ ಒಂದು ದಿನ ಅಂಬ್ಲಿಗೊಳ ಜಲಾಶಯಕ್ಕೆ ಹೋದೆವು. ಇಮಾಂಬೀಗೆ ಆ ಹಕ್ಕಿಯನ್ನು ಕಣ್ಣಾರೆ ನೋಡಬೇಕಿತ್ತು. ಅವ್ವ ಮಂಡಿನೋವೆಂದು ಬರಲಿಲ್ಲ, ರೊಟ್ಟಿ ಚಟ್ನಿಪುಡಿ ಕಟ್ಟಿಕೊಟ್ಟಳು. ಹಿನ್ನೀರಿನ ಅಂಚಿನ ಗದ್ದೆಯಲ್ಲಿ ಕೆಂಪಪ್ಪ ಎಂಬ ರೈತ ಡಬ್ಬ ಬಡಿಯುತ್ತ ನಿಂತಿದ್ದ. ನಾವು ಬಂದ ಕಾರಣ ಹೇಳಿದ್ದಕ್ಕೆ ಅವನಿಗೆ ನಂಬಿಕೆಯೇ ಬರಲಿಲ್ಲ.

"ಈ ದರಿದ್ರ ಹಕ್ಕಿ ನೋಡಾಕೆ ಬಂದ್ರಾ? ನಾಟಿ ಮಾಡಿದ ಸಸಿನೆಲ್ಲ ಕಿತ್ತು ತಿಂತಾವೆ. ಬೇಕಾದ್ರೆ ಎಲ್ಲಾನೂ ಹಿಡ್ಕಂಡು ಹೋಗ್ರಿ."

ಡಬ್ಬದ ಸದ್ದಿಗೆ ಜಂಬುಹುಲ್ಲಿನೊಳಗಿಂದ ಏಳೆಂಟು ಹಕ್ಕಿಗಳು ಎದ್ದವು. ಬಿಸಿಲಿಗೆ ನೇರಳೆ ಮೈ ಮಿಂಚಿತು. ಎದ್ದದ್ದೇನೋ ಎದ್ದವು, ಹಾರಾಟ ಮಾತ್ರ ನೋಡಲಾಗದು. ಕೆಂಪು ಕಾಲು ಜೋತುಬಿಟ್ಟುಕೊಂಡು, ರೆಕ್ಕೆ ಪಟಪಟ ಬಡಿಯುತ್ತ, ಇನ್ನೇನು ನೀರಿಗೆ ಬಿದ್ದೇಬಿಡುತ್ತವೆ ಅನ್ನಿಸುವ ಹಾಗೆ ಹೋಗಿ ಆಚೆ ದಡದ ಹುಲ್ಲಿನಲ್ಲಿ ಮರೆಯಾದವು.

"ಇಷ್ಟಗಲ ನೀರು ದಾಟೋಕೇ ಇಷ್ಟು ಕಷ್ಟ ಪಡ್ತಾವಲ್ಲೇ, ಸಮುದ್ರ ಹೆಂಗೆ ದಾಟಿದ್ವು?" ಎಂದು ಇಮಾಂಬೀ ಕೇಳಿದರು.

"ಹೊರಟವು ತುಂಬ ಇದ್ದಿರಬೇಕು ಅಮ್ಮಿ. ಹೆಚ್ಚಿನವು ನೀರಿಗೆ ಬಿದ್ದಿರ್ತವೆ," ಅಂದಳು ಕೌಸರ್. "ಒಂದೋ ಎರಡೋ ಜೋಡಿ ಮುಟ್ಟಿರ್ತವೆ. ನಾನು ಓದಿದ್ದು ಅವುಗಳ ಮಕ್ಕಳನ್ನ."

ಇಮಾಂಬೀ ಆಚೆ ದಡವನ್ನೇ ನೋಡುತ್ತಿದ್ದರು. ಮುಕ್ತಾರ್ ಏರಿಯ ಮೇಲೆ ಟವೆಲ್ ಹಾಸಿ ಬುತ್ತಿ ಬಿಚ್ಚಿದರು, ಕೆಂಪಪ್ಪನನ್ನೂ ಕರೆದರು. ಅವನು ಡಬ್ಬ ಪಕ್ಕಕ್ಕಿಟ್ಟು, ಕೈ ತೊಳೆದುಕೊಂಡು ಬಂದು ಕೂತ. ಸಮುದ್ರ ದಾಟಿದ ಕಥೆಯನ್ನು ಕೌಸರ್ ಅವನಿಗೆ ಮೊದಲಿನಿಂದ ಹೇಳತೊಡಗಿದಳು. ಅವನು ರೊಟ್ಟಿ ಮುರಿಯುವುದನ್ನೂ ಮರೆತು ಕೇಳಿದ.